‘ಬ್ಯಾಂಬೂಜಲ್’: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥವೂ ಮೂಲವೂ

ಇಂಗ್ಲಿಷ್ ಭಾಷೆಯಲ್ಲಿ ‘ಬ್ಯಾಂಬೂಜಲ್’ ಎಂದೊಂದು ಕ್ರಿಯಾಪದವುಂಟು. ಮಾತಿನ ಜಾಲದಿಂದ ಒಬ್ಬನ ಬುದ್ಧಿಯನ್ನು ಕದಡಿ, ಅವನು ದಿಕ್ಕುಗಾಣದೆ ನಿಂತಿರುವಾಗ ತನ್ನ ಕಾರ್ಯವನ್ನು ಸಾಧಿಸಿಕೊಳ್ಳುವುದು ಎಂಬುದು ಅದರ ಸ್ಥೂಲಾರ್ಥ. ಇಂತಹ ಹಗುರವಾದ ಪದವೊಂದಕ್ಕೆ ಸಂಶೋಧನ ಪತ್ರಿಕೆಯಲ್ಲಿ ಎಡೆಯೇಕೆಂದು ವಾಚಕರು ಕೇಳಬಹುದು. ಮುನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯುಳ್ಳ ಈ ಪದವನ್ನು ಇಂಗ್ಲೆಂಡಿನ ದೊಡ್ಡ ಗದ್ಯಲೇಖಕನೊಬ್ಬನು ಹೆಸರು ಹಿಡಿದು ಖಂಡಿಸಿದನು. ದೊಡ್ಡ ನಿಘಂಟುಕಾರನೊಬ್ಬನು ಪಂಕ್ತಿಯ ಹೊರಗೆ ಕುಳ್ಳಿರಿಸಿದನು. ಆದರೂ ಅದು ಉಳಿಯಿತು. ಅಷ್ಟೇ ಅಲ್ಲದೆ, ಇದರ ಮೂಲವನ್ನು ಬಿದಿರಿನ ಇಂಗ್ಲಿಷ್ ಹೆಸರಾದ ‘ಬ್ಯಾಂಬೂ’ ಶಬ್ದದೊಡನೆ ಗಂಟುಹಾಕುವ ಒಂದು ಕಥೆಯಿದ್ದು, ಆ ‘ಬ್ಯಾಂಬೂ’ ಕನ್ನಡದಿಂದಲೇ ಹೋದುದೆಂದು ಹೇಳಿದ ವಿದ್ವಾಂಸರಿರುವುದರಿಂದ, ಕನ್ನಡ ಶಬ್ದಶಾಸ್ತ್ರವನ್ನು ವ್ಯಾಸಂಗಮಾಡುವವರಿಗೆ ಇಲ್ಲಿ ಆಕರ್ಷಣೆಯೂ ಅಪಾಯವೂ ಒಟ್ಟಿಗೇ ಕಾದಿರುತ್ತವೆ.

ಮೊದಲು ಅರ್ಥವನ್ನು ನೋಡೋಣ. ‘ವಂಚಿಸು’ ಎಂಬ ಸಂಸ್ಕೃತಮೂಲದ ಪದವು ಇದಕ್ಕೆ ಸರಿಯಾದ ಪ್ರತಿಶಬ್ದವಾಗಲಾರದು. ವಂಚನೆಯಲ್ಲಿ ಪಾಪವಿದೆ, ವಂಚಿತನಲ್ಲಿ ದುಃಖವಿದೆ. ಬ್ಯಾಂಬೂಜಲ್ ಎಂಬಲ್ಲಿ ನೋಡುವವನ ನಗೆ ಇದೆ. ಮೋಸಹೋದವನ ಮೇಲೆ ಮರುಕಕ್ಕಿಂತ ಅವನ ಪೆಚ್ಚುಮೋರೆಯ ಚಿತ್ರವೇ ಮುಂದೆ ನಿಲ್ಲುತ್ತದೆ. ನಮ್ಮ ಆಡುಮಾತಿನಲ್ಲಿ ಈ ನಗೆಯನ್ನು ಹೊತ್ತ ಪ್ರಯೋಗಗಳಿಗೆ ಬಡತನವಿಲ್ಲ. ಟೋಪಿ ಹಾಕುವುದು, ಪಂಗನಾಮ ಹಾಕುವುದು, ಚಳ್ಳೆಹಣ್ಣು ತಿನ್ನಿಸುವುದು, ಕಿವಿಯ ಮೇಲೆ ಹೂವಿಡುವುದು, ಮಂಕುಬೂದಿ ಎರಚುವುದು, ಯಾಮಾರಿಸುವುದು ಎಂದು ಹೇಳುತ್ತಲೇ ಹೋಗಬಹುದು. ಆದರೆ ಇವು ಒಂದಕ್ಕೊಂದು ಸಮಾನವಲ್ಲ. ಟೋಪಿ ಹಾಕಿಸಿಕೊಂಡವನು ಸಾಮಾನ್ಯವಾಗಿ ಹಣ ಕಳೆದುಕೊಂಡಿರುತ್ತಾನೆ. ಕಿವಿಯ ಮೇಲೆ ಹೂವಿರಿಸಿಕೊಂಡವನು ಮೊದಲೇ ಪೆದ್ದನೆಂದು ಎಣಿಕೆಗೊಂಡವನು. ಚೆನ್ನಾಗಿ ಬುದ್ಧಿಯಿದ್ದವನೇ ಗಳಿಗೆಹೊತ್ತು ಬುದ್ಧಿ ಮಂಕಾಗಿ ನಿಲ್ಲುವ ಸ್ಥಿತಿಯನ್ನು ಸೂಚಿಸುವುದು ಮಂಕುಬೂದಿಯ ಪ್ರಯೋಗವೊಂದೇ. ಬ್ಯಾಂಬೂಜಲ್ ಪದದ ಹೃದಯವೂ ಅಲ್ಲಿಯೇ ಇದೆ. ಮೋಸಕ್ಕಿಂತ ಮೊದಲು ಗೊಂದಲ, ಗೊಂದಲದ ಮೂಲಕವೇ ಮೋಸ ಎಂಬ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಮೂಲದ ಚರ್ಚೆಯಲ್ಲಿ ಇದು ಉಪಯೋಗಕ್ಕೆ ಬರುವುದು.

ನಿಘಂಟುಕಾರರು ಎತ್ತಿ ತೋರಿಸಿರುವ ಹಳೆಯ ಪ್ರಯೋಗಗಳಲ್ಲಿ ಮುಖ್ಯವಾದುದು ಕಾಲಿ ಸಿಬ್ಬರನ ‘ಷಿ ವುಡ್ ಅಂಡ್ ಷಿ ವುಡ್ ನಾಟ್’ ಎಂಬ ಪ್ರಹಸನದಲ್ಲಿದೆ. ಈ ನಾಟಕವು 1702ರಲ್ಲಿ ಲಂಡನ್ನಿನ ರಂಗದ ಮೇಲೆ ಬಂದು, 1703ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಸ್ಪೇನಿನಲ್ಲಿ. ಹಿಪಾಲಿಟ ಎಂಬ ಯುವತಿ ಗಂಡುಡುಗೆಯನ್ನು ತೊಟ್ಟು, ತನ್ನ ಪ್ರಿಯನಾದ ಡಾನ್ ಫಿಲಿಪ್ ತಾನೇ ಎಂದು ಹೇಳಿಕೊಂಡು, ಅವನಿಗೆ ನಿಶ್ಚಯವಾಗಿದ್ದ ಕನ್ಯೆಯ ಮನೆಗೆ ಬರುತ್ತಾಳೆ. ಬಳಿಕ ನಿಜವಾದ ಡಾನ್ ಫಿಲಿಪ್ ಬಂದಾಗ ಅವನೇ ಸೋಗುಗಾರನೆಂಬ ಅಪವಾದಕ್ಕೆ ಗುರಿಯಾಗುತ್ತಾನೆ. ನಿಜವು ಸುಳ್ಳಾಗಿ ಸುಳ್ಳು ನಿಜವಾಗಿ ಕಾಣುವ ಈ ಗಲಿಬಿಲಿಯ ನಡುವೆ, ಹುಸಿ ಆಧಾರಗಳನ್ನು ತೋರಿಸಿ ಒಬ್ಬನನ್ನು ಮರುಳುಗೊಳಿಸುವ ಅರ್ಥದಲ್ಲಿ ನಮ್ಮ ಪದವು ಬಂದಿರುತ್ತದೆ. ಪದಕ್ಕೆ ಇದಕ್ಕಿಂತ ಒಪ್ಪುವ ಜನ್ಮಸ್ಥಳವನ್ನು ಕಲ್ಪಿಸುವುದು ಕಷ್ಟ. ಆದರೆ ಸಿಬ್ಬರನೇ ಇದನ್ನು ಸೃಷ್ಟಿಸಿದನೆಂದು ತಿಳಿಯಲಾಗದು. ಪ್ರೇಕ್ಷಕರಿಗೆ ಅರ್ಥವಾಗದ ಪದವನ್ನು ಪ್ರಹಸನಕಾರನು ಪಾತ್ರದ ಬಾಯಲ್ಲಿ ಇಡುವುದಿಲ್ಲ. ಆದುದರಿಂದ ಅದು ಆಗಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಿದ್ದಿರಬೇಕು.

ಏಳೆಂಟು ವರ್ಷಗಳಲ್ಲಿಯೇ ಪದಕ್ಕೆ ಪ್ರಬಲನಾದ ಶತ್ರುವೊಬ್ಬನು ದೊರೆತನು. ರಿಚರ್ಡ್ ಸ್ಟೀಲನು 1709ರಲ್ಲಿ ಪ್ರಾರಂಭಿಸಿದ್ದ ‘ಟ್ಯಾಟ್ಲರ್’ ಪತ್ರಿಕೆಯ 230ನೆಯ ಸಂಚಿಕೆಯು 1710ರ ಸೆಪ್ಟೆಂಬರ್ 28ರಂದು ಪ್ರಕಟವಾಯಿತು. ಅದರಲ್ಲಿ ಬಂದ ಪತ್ರರೂಪದ ಲೇಖನವು ಜಾನಥನ್ ಸ್ವಿಫ್ಟನದು. ಇಂಗ್ಲಿಷ್ ಭಾಷೆ ಕೆಡುತ್ತಿದೆಯೆಂಬುದು ಅವನ ದೂರು. ಪದಗಳ ಬಾಲವನ್ನು ಕತ್ತರಿಸುವುದು, ಅಕ್ಷರಗಳನ್ನು ನುಂಗುವುದು, ಷೋಕಿಲಾಲರು ಹುಟ್ಟಿಸಿದ ಪದಗಳನ್ನು ತಲೆಯ ಮೇಲೆ ಹೊರುವುದು, ಇವನ್ನೆಲ್ಲ ಅವನು ಒಂದೊಂದಾಗಿ ಹಿಡಿದು ಝಾಡಿಸುತ್ತಾನೆ. ಕೊನೆಯ ವರ್ಗಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ‘ಬ್ಯಾಂಟರ್’, ‘ಬ್ಯಾಂಬೂಜಲ್’, ‘ಕಂಟ್ರಿ ಪಟ್’, ‘ಕಿಡ್ನಿ’ ಎಂಬ ನಾಲ್ಕು ಸೇರಿವೆ. ‘ಕಿಡ್ನಿ’ ಎಂದರೆ ಇಲ್ಲಿ ಮೂತ್ರಪಿಂಡವಲ್ಲ, ಸ್ವಭಾವ ಅಥವಾ ಜಾತಿ. ‘ಕಂಟ್ರಿ ಪಟ್’ ಎಂದರೆ ಹಳ್ಳಿಗಮಾರ. ತನ್ನ ದೂರಿಗೆ ದೃಷ್ಟಾಂತವಾಗಿ ಸ್ವಿಫ್ಟನು ಈ ದೋಷಗಳನ್ನೆಲ್ಲ ಅಡಕಮಾಡಿ ಒಂದು ಕಾಲ್ಪನಿಕ ಕಾಗದವನ್ನೂ ರಚಿಸಿದನು. ಅದರಲ್ಲಿ ಬ್ಯಾಂಬೂಜಲ್‌ಗೆ ಇಂಗ್ಲಿಷರನ್ನು ತುತ್ತಾಗಿಸಲಿರುವವನು ಸಾಕ್ಷಾತ್ ಫ್ರಾನ್ಸಿನ ರಾಜನೇ. ಹೀಗೆ, ಪದವನ್ನು ಹೊರಗಟ್ಟಲು ಬರೆದ ಲೇಖನವೇ ಅದರ ಆಯುಸ್ಸಿಗೆ ಅತ್ಯಂತ ಗಟ್ಟಿಯಾದ ದಾಖಲೆಯಾಗಿ ಉಳಿಯಿತು. ಅದು 1710ರ ಹೊತ್ತಿಗೆ ಹೊಸದೆಂದೂ ಷೋಕಿಯದೆಂದೂ ಕೇಳುವವರ ಕಿವಿಗೆ ತೋರುತ್ತಿತ್ತೆಂಬುದನ್ನು ನಾವು ಸ್ವಿಫ್ಟನಿಂದಲೇ ತಿಳಿಯುತ್ತೇವೆ.

‘ಬ್ಯಾಂಟರ್’ ಪದದ ವಿಷಯದಲ್ಲಿ ಸ್ವಿಫ್ಟನು ಇನ್ನೂ ಒಂದು ಸಂಗತಿಯನ್ನು ಹೇಳಿದ್ದಾನೆ. ‘ಎ ಟೇಲ್ ಆಫ್ ಎ ಟಬ್’ ಎಂಬ ತನ್ನ ವಿಡಂಬನಗ್ರಂಥಕ್ಕೆ 1710ರ ಮುದ್ರಣದಲ್ಲಿ ಸೇರಿಸಿದ ಸಮರ್ಥನೆಯಲ್ಲಿ, ಆ ಪದವು ವೈಟ್‌ಫ್ರೈಯರ್ಸ್‌ನ ಪುಂಡರಿಂದ ಹೊರಟು, ಸೇವಕರ ಬಾಯಿಗೆ ಬಿದ್ದು, ಕಡೆಗೆ ಪಂಡಿತಂಮನ್ಯರ ಬಳಿ ನೆಲೆಸಿತೆಂದು ಅವನು ಚುಚ್ಚುತ್ತಾನೆ. ವೈಟ್‌ಫ್ರೈಯರ್ಸ್ ಎಂಬುದು ಲಂಡನ್ನಿನ ಒಂದು ಕೇರಿ. ಸಾಲಗಾರರನ್ನು ಅಲ್ಲಿ ಹಿಡಿಯಕೂಡದೆಂಬ ಹಳೆಯ ರಿಯಾಯಿತಿ ಇದ್ದುದರಿಂದ ಅದು ಮೋಸಗಾರರ ಬೀಡಾಗಿತ್ತು. ಜನ ಅದನ್ನು ‘ಆಲ್ಸೇಷಿಯ’ ಎಂದು ಕರೆಯುತ್ತಿದ್ದರು. ಆ ರಿಯಾಯಿತಿ ರದ್ದಾದುದು 1697ರಲ್ಲಿ. ಥಾಮಸ್ ಷ್ಯಾಡ್‌ವೆಲ್ಲನ ‘ದಿ ಸ್ಕ್ವಯರ್ ಆಫ್ ಆಲ್ಸೇಷಿಯ’ ಎಂಬ 1688ರ ನಾಟಕಕ್ಕೆ, ಆ ಕೇರಿಯ ಗೂಢಭಾಷೆ ಓದುಗರಿಗೆ ತಿಳಿಯಲೆಂದು ಒಂದು ಶಬ್ದಪಟ್ಟಿಯನ್ನೇ ಜೋಡಿಸಬೇಕಾಯಿತು. ಬ್ಯಾಂಬೂಜಲ್ ಸಹ ಇದೇ ಕೇರಿಯಿಂದ ಬಂದಿತೆಂಬುದಕ್ಕೆ ನೇರವಾದ ಆಧಾರವಿಲ್ಲ. ಸ್ವಿಫ್ಟನು ಅದನ್ನು ಬ್ಯಾಂಟರಿನ ಪಕ್ಕದಲ್ಲಿ ಕೂಡಿಸಿದ್ದಾನೆಂಬುದು ಮಾತ್ರ ನಮಗೆ ಸಿಗುವ ಸೂಚನೆ. ಆದರೂ ಅದು ಕಡೆಗಣಿಸತಕ್ಕ ಸೂಚನೆಯಲ್ಲ.

ಮುಂದೆ ನಡೆದುದು ಪ್ರಹಸನಕ್ಕೆ ತಕ್ಕ ಸಂಗತಿ. 1712ರಲ್ಲಿ ಸ್ವಿಫ್ಟನು ಇಂಗ್ಲಿಷ್ ಭಾಷೆಯನ್ನು ತಿದ್ದಿ, ಉತ್ತಮಗೊಳಿಸಿ, ಸ್ಥಿರಪಡಿಸಬೇಕೆಂಬ ಸಲಹೆಯನ್ನು ಮುಖ್ಯ ಸಚಿವನಾಗಿದ್ದ ಆಕ್ಸ್‌ಫರ್ಡಿನ ಅರ್ಲ್ ರಾಬರ್ಟ್ ಹಾರ್ಲಿಗೆ ಪತ್ರರೂಪವಾಗಿ ಸಲ್ಲಿಸಿದನು. ಫ್ರಾನ್ಸಿನಲ್ಲಿ 1635ರಲ್ಲಿ ಸ್ಥಾಪಿತವಾಗಿದ್ದ ಅಕಾಡೆಮಿಯ ನಿದರ್ಶನ ಅವನ ಕಣ್ಣಮುಂದಿತ್ತು. ಅದೇ 1712ರಲ್ಲಿ ಅವನ ಆಪ್ತಮಿತ್ರನೂ ರಾಣಿ ಆನಳ ವೈದ್ಯನೂ ಆದ ಜಾನ್ ಆರ್ಬತ್‌ನಾಟನು ‘ಜಾನ್ ಬುಲ್’ ಚರಿತ್ರೆಯೆಂಬ ರಾಜಕೀಯ ವಿಡಂಬನೆಯನ್ನು ಹೊರಡಿಸಿದನು. ಇಂಗ್ಲೆಂಡು ಜಾನ್ ಬುಲ್, ಡಚ್ಚರು ನಿಕ್ ಫ್ರಾಗ್, ಫ್ರಾನ್ಸಿನ ದೊರೆ ಲೂಯಿಸ್ ಬಬೂನ್. ಯುದ್ಧವೆಂಬ ವ್ಯಾಜ್ಯದ ಖರ್ಚನ್ನು ಲೆಕ್ಕಹಾಕುವಾಗ ನಿಕ್ ಫ್ರಾಗನು ಹಣದ ಮೊತ್ತದಲ್ಲಿ ಜಾನ್ ಬುಲ್ಲನನ್ನು ತಬ್ಬಿಬ್ಬುಗೊಳಿಸುತ್ತಾನೆ. ಅದಕ್ಕೆ ಆರ್ಬತ್‌ನಾಟನು ಬಳಸಿದ ಕ್ರಿಯಾಪದ ಇದೇ ಬ್ಯಾಂಬೂಜಲ್! ಮಿತ್ರನು ಎರಡು ವರ್ಷದ ಹಿಂದೆ ಬಹಿಷ್ಕರಿಸಿದ್ದ ಪದವನ್ನು ಆರ್ಬತ್‌ನಾಟನು ಚೇಷ್ಟೆಗಾಗಿ ಎತ್ತಿಕೊಂಡನೋ, ಬೇರೆ ಪದ ಒಪ್ಪದೆ ಎತ್ತಿಕೊಂಡನೋ ಹೇಳಲಾಗದು. ಎರಡನೆಯದೇ ಹೆಚ್ಚು ಸಂಭವವೆಂದು ನನಗೆ ತೋರುತ್ತದೆ, ಏಕೆಂದರೆ ಆ ಸಂದರ್ಭದಲ್ಲಿ ‘ವಂಚಿಸಿದನು’ ಎಂದಿದ್ದರೆ ಹಾಸ್ಯವೇ ಹಾರಿಹೋಗುತ್ತಿತ್ತು. ಸ್ವಿಫ್ಟನ ಅಕಾಡೆಮಿಯಾದರೋ ಹುಟ್ಟಲೇ ಇಲ್ಲ. 1714ರಲ್ಲಿ ಹಾರ್ಲಿಯು ಅಧಿಕಾರ ಕಳೆದುಕೊಂಡನು, ರಾಣಿಯು ತೀರಿಕೊಂಡಳು, ಸಲಹೆಯು ಕಾಗದದಲ್ಲಿಯೇ ಉಳಿಯಿತು.

ಭಾಷೆಯಲ್ಲಿ ಆಟವನ್ನು ಇಷ್ಟು ಕಟುವಾಗಿ ನಿಷೇಧಿಸಿದ ಸ್ವಿಫ್ಟನು ಸ್ವತಃ ಶುಷ್ಕನಲ್ಲ. ಈ ಕಾಲದಲ್ಲಿಯೇ ತನ್ನ ಗೆಳತಿ ಸ್ಟೆಲ್ಲಾಳಿಗೆ ಬರೆಯುತ್ತಿದ್ದ ಖಾಸಗಿ ಕಾಗದಗಳಲ್ಲಿ ಅವನು ತೊದಲುನುಡಿಯಂತಹ ಮುದ್ದುಭಾಷೆಯನ್ನು ಧಾರಾಳವಾಗಿ ಬಳಸಿದ್ದಾನೆ. ಮಠದಲ್ಲಿ ಮಡಿ, ಮನೆಯಲ್ಲಿ ಸಡಿಲ ಎಂಬ ಸ್ಥಿತಿ ಇದು. ಅವನು ಶಪಿಸಿದ ಪದಗಳ ಗತಿಯೂ ವಿಚಿತ್ರವಾದುದು. ‘ಮೊಬಿಲೆ ವಲ್ಗಸ್’ ಎಂಬ ಲ್ಯಾಟಿನ್ ನುಡಿಯನ್ನು ಕತ್ತರಿಸಿ ಮಾಡಿದ ‘ಮಾಬ್’ ಇಂದು ಅತ್ಯಂತ ಗಂಭೀರವಾದ ಬರವಣಿಗೆಯಲ್ಲಿಯೂ ಬರುತ್ತದೆ. ‘ಬ್ಯಾಂಟರ್’ ಸಭ್ಯವಾಯಿತು. ಮುಖವೆಂಬ ಅರ್ಥದ ‘ಫಿಜ್’ ಬಹುಕಾಲ ಬಾಳಿ, ಡಿಕನ್ಸನ ಕಾದಂಬರಿಗಳಿಗೆ ಚಿತ್ರ ಬರೆದ ಕಲಾವಿದನ ಕಾವ್ಯನಾಮವಾಯಿತು. ‘ಕಂಟ್ರಿ ಪಟ್’ ಸತ್ತಿತು. ಒಂದೇ ಶಾಪಕ್ಕೆ ಇಷ್ಟು ಬಗೆಯ ಫಲ!

ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ನನು 1755ರ ತನ್ನ ಮಹಾನಿಘಂಟಿನಲ್ಲಿ ಬ್ಯಾಂಬೂಜಲ್ ಪದವನ್ನು ಸೇರಿಸಿ, ಆರ್ಬತ್‌ನಾಟನ ವಾಕ್ಯವನ್ನೇ ಪ್ರಯೋಗವಾಗಿ ಕೊಟ್ಟಿರುತ್ತಾನೆ. ಆದರೆ ಇದು ಕೀಳುನುಡಿಯೆಂದೂ ಶುದ್ಧವಾದ ಅಥವಾ ಗಂಭೀರವಾದ ಬರಹದಲ್ಲಿ ಬರತಕ್ಕದ್ದಲ್ಲವೆಂದೂ ಪಕ್ಕದಲ್ಲಿಯೇ ಎಚ್ಚರಿಕೆ ಬರೆದಿದ್ದಾನೆ. ಹೊರಗೆ ಕಳುಹಿಸದೆ ಜಗಲಿಯಲ್ಲಿ ಕೂಡಿಸಿದಂತಾಯಿತು. 1747ರಲ್ಲಿ ನಿಘಂಟಿನ ಯೋಜನೆಯನ್ನು ಬರೆದಾಗ ಭಾಷೆಯನ್ನು ಸ್ಥಿರಪಡಿಸಬಹುದೆಂಬ ಆಸೆ ಜಾನ್ಸನ್ನನಿಗೂ ಇತ್ತು. 1755ರ ಪೀಠಿಕೆಯಲ್ಲಿ ಅವನು ಅದನ್ನು ಬಿಟ್ಟುಕೊಟ್ಟು, ಅಂತಹ ಆಸೆಯುಳ್ಳ ನಿಘಂಟುಕಾರನು ನಗೆಗೀಡಾಗುವನೆಂದು ಹೇಳಿದನು. ಅನಂತರ ಫ್ರಾನ್ಸಿಸ್ ಗ್ರೋಸನು 1785ರಲ್ಲಿ ಪ್ರಕಟಿಸಿದ ಗ್ರಾಮ್ಯನಿಘಂಟಿನಲ್ಲಿ ಈ ಪದವು ತನ್ನ ನೆಂಟರಿಷ್ಟರ ನಡುವೆ ಸುಖವಾಗಿ ಕುಳಿತಿದೆ.

ಇನ್ನು ಮೂಲದ ಪ್ರಶ್ನೆ. ಇದು ಜಿಪ್ಸಿಗಳ ಭಾಷೆಯಿಂದ ಬಂದಿತೆಂದು ಕೆಲವರು ಹೇಳಿದುದುಂಟು. ಜೇಮ್ಸ್ ಮರ್ರೆಯವರ ನೇತೃತ್ವದಲ್ಲಿ 1884ರಿಂದ ಕಂತುಕಂತಾಗಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು, ಈ ಮಾತಿಗೆ ಪ್ರಮಾಣ ಬೇಕೆಂದು ಹೇಳಿ ಬಾಗಿಲು ಮುಚ್ಚಿತು. ಜಿಪ್ಸಿ ಭಾಷೆಯು ಆರ್ಯಭಾಷಾವರ್ಗದ್ದಾದುದರಿಂದ ಪ್ರಮಾಣ ದೊರೆತಿದ್ದರೆ ನಮ್ಮ ದೇಶಕ್ಕೂ ಒಂದು ನಂಟು ಏರ್ಪಡುತ್ತಿತ್ತು, ದೊರೆಯಲಿಲ್ಲ. ಫ್ರೆಂಚಿನಲ್ಲಿ ‘ಅಂಬಾಬುಯಿನೇ’ ಎಂಬ ಕ್ರಿಯಾಪದವಿದ್ದು, ಒಬ್ಬನನ್ನು ಬಬೂನ್ ಎಂಬ ಕೋತಿಯನ್ನಾಗಿ ಮಾಡುವುದು, ಎಂದರೆ ಮಂಗನನ್ನಾಗಿಸುವುದು ಎಂದು ಅದರ ಅಕ್ಷರಾರ್ಥ. ಅರ್ಥವು ಚೆನ್ನಾಗಿ ಹೊಂದುತ್ತದೆ, ಆದರೆ ಕೊನೆಯ ‘ಜಲ್’ ಎಲ್ಲಿಂದ ಬಂದಿತೆಂಬುದಕ್ಕೆ ಉತ್ತರವಿಲ್ಲ. ಆರ್ಬತ್‌ನಾಟನ ಲೂಯಿಸ್ ಬಬೂನನನ್ನು ಇಲ್ಲಿ ಸಾಕ್ಷಿಗೆ ಕರೆಯಲು ಮನಸ್ಸಾದೀತು. ಆ ಹೆಸರು ಬೂರ್ಬನ್ ರಾಜವಂಶದ ಹೆಸರನ್ನು ತಿರುಚಿದ ಶ್ಲೇಷೆಯಷ್ಟೇ. ಇಟಾಲಿಯನ್ನಿನ ‘ಬಾಂಬೋಲಾ’, ಎಂದರೆ ಗೊಂಬೆ, ಎಂಬುದರ ಬಳಗದಿಂದ ತೆಗೆಯುವವರೂ ಇದ್ದಾರೆ. ಇಲ್ಲಿ ಕನ್ನಡಿಗನ ಕಿವಿ ನಿಮಿರುವುದು ಸಹಜ: ನಮ್ಮ ‘ಬೊಂಬೆ’, ತೆಲುಗಿನ ‘ಬೊಮ್ಮ’, ತಮಿಳಿನ ‘ಬೊಮ್ಮೈ’ ಎಲ್ಲಿ, ಆ ‘ಬಾಂಬೋಲಾ’ ಎಲ್ಲಿ! ಆದರೆ ಇಟಾಲಿಯನ್ ಪದವು ಮಗು ಎಂಬರ್ಥದ ‘ಬಾಂಬೋ’ವಿನಿಂದ, ಶಿಶುವಿನ ತೊದಲುದನಿಯಿಂದ ಹುಟ್ಟಿದುದು, ಎರಡು ದೇಶಗಳ ಶಿಶುಗಳ ತುಟಿಗಳು ಒಂದೇ ಬಗೆಯಾಗಿ ಕೂಡುತ್ತವೆಂಬುದಕ್ಕಿಂತ ಹೆಚ್ಚಿನದನ್ನು ಈ ಸಾಮ್ಯವು ಸಾಧಿಸುವುದಿಲ್ಲ.

ಬಿದಿರಿನ ಕಥೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿಯೇ ಪರೀಕ್ಷಿಸಬೇಕು. ಚೀನಾದೇಶದಲ್ಲಿ ಮೋಸಗಾರರನ್ನು ಬಿದಿರುಕೋಲಿನಿಂದ ಹೊಡೆಯುತ್ತಿದ್ದರೆಂದೂ ಅದರಿಂದ ಬ್ಯಾಂಬೂಜಲ್ ಹುಟ್ಟಿತೆಂದೂ ಜನ ಹೇಳುವುದುಂಟು. ‘ಬ್ಯಾಂಬೂ’ ಪದದ ಹಿಂದಿನ ಚರಿತ್ರೆ ನಿಜವಾಗಿಯೂ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ವೈದ್ಯಸಂವಾದಗ್ರಂಥದಲ್ಲಿ ಬಿದಿರಿನೊಳಗೆ ದೊರೆಯುವ ತವಕ್ಷೀರದ ಪ್ರಸ್ತಾಪದಲ್ಲಿ ‘ಮಾಂಬು’ ಎಂಬ ರೂಪವು ಬರುತ್ತದೆ. ಪೋರ್ತುಗೀಸರಿಂದ ಡಚ್ಚರಿಗೆ, ಅವರಿಂದ ಹದಿನಾರನೆಯ ಶತಮಾನದ ಕೊನೆಗೆ ಇಂಗ್ಲಿಷರಿಗೆ ಈ ಪದವು ದಾಟಿತು. ಹೊರೇಸ್ ಹೇಮನ್ ವಿಲ್ಸನ್ನರು 1855ರ ತಮ್ಮ ಶಬ್ದಕೋಶದಲ್ಲಿ ಇದನ್ನು ಕನ್ನಡದ ಪದವೆಂದು ಹೇಳಿದರು. 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ಲರು ಆ ಮತವನ್ನು ಉಲ್ಲೇಖಿಸಿದ್ದಾರೆ. ಮಲಯದಲ್ಲಿಯೂ ‘ಬಂಬು’ ಎಂಬ ಪದವುಂಟು, ಆದರೆ ಅಲ್ಲಿ ‘ಬುಲುಹ್’ ಎಂಬ ಬೇರೊಂದು ಪದವೂ ಇದೆ. ಕನ್ನಡದ ಮುಖ್ಯಪದ ‘ಬಿದಿರು’ ಆದರೂ, ಸಾರವೆ ಕಟ್ಟುವ ಕೂಲಿಯವನಿಗೆ ಇಂದಿಗೂ ಅದು ‘ಬೊಂಬು’. ಈ ವಿವಾದವು ಇನ್ನೂ ತೀರಿಲ್ಲ. ಕನ್ನಡದ ಪಕ್ಷಕ್ಕೆ ಬಲವಿಲ್ಲವೆಂದು ಯಾರೂ ಹೇಳಲಾರರು.

ಹೀಗಿರುವಲ್ಲಿ ಬೊಂಬಿನಿಂದ ಬ್ಯಾಂಬೂ, ಬ್ಯಾಂಬೂವಿನಿಂದ ಬ್ಯಾಂಬೂಜಲ್, ಆದುದರಿಂದ ಬ್ಯಾಂಬೂಜಲ್ ಕನ್ನಡ ಎಂದು ಸರಪಣಿ ಹೆಣೆಯಲು ಎಷ್ಟು ಹೊತ್ತು ಬೇಕು? ಆದರೆ ಈ ಸರಪಣಿಯ ಎರಡನೆಯ ಕೊಂಡಿ ನಿಲ್ಲುವುದಿಲ್ಲ. ಕಾಲವು ಅಡ್ಡಿಯಾಗದು, ಏಕೆಂದರೆ 1703ರ ವೇಳೆಗೆ ಇಂಗ್ಲಿಷರು ಬ್ಯಾಂಬೂವನ್ನು ಬಲ್ಲವರಾಗಿದ್ದರು. ಅಡ್ಡಿಯಾಗುವುದು ಅರ್ಥ. ಪದವು ಹೊಡೆತದಿಂದ ಹುಟ್ಟಿದ್ದರೆ ಮೊದಮೊದಲ ಪ್ರಯೋಗಗಳಲ್ಲಿ ಹೊಡೆತದ ವಾಸನೆಯಾದರೂ ಇರಬೇಕಾಗಿತ್ತು. ಸಿಬ್ಬರನಲ್ಲಿಲ್ಲ, ಸ್ವಿಫ್ಟನಲ್ಲಿಲ್ಲ, ಆರ್ಬತ್‌ನಾಟನಲ್ಲಿಲ್ಲ. ಚೀನಾದ ಸುದ್ದಿಯೂ ಅವರಲ್ಲಿ ಯಾರ ಪ್ರಯೋಗದಲ್ಲಿಯೂ ಇಲ್ಲ. ಎಲ್ಲೆಲ್ಲಿಯೂ ಇರುವುದು ಗೊಂದಲ, ಹುಸಿ, ನಗೆ. ಮಿಗಿಲಾಗಿ, ಮೋಸಗಾರನು ಹೊಡೆತ ತಿನ್ನುವನೆಂಬ ಅರ್ಥವು ಮೋಸಮಾಡುವನೆಂಬ ಅರ್ಥಕ್ಕೆ ಹೇಗೆ ತಿರುಗಿತೆಂಬುದನ್ನು ಕಥೆ ಹೇಳುವವರು ವಿವರಿಸುವುದಿಲ್ಲ. ಉಳಿಯುವುದು ಧ್ವನಿಸಾಮ್ಯವೊಂದೇ.

ಧ್ವನಿಸಾಮ್ಯಕ್ಕೆ ಬೆಲೆಯೇ ಇಲ್ಲವೆಂದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ವಿಷಯವನ್ನು ವಾಚಕರು ಬಲ್ಲರು. ಅದರಲ್ಲಿಯ ಅಪರಿಚಿತ ಮಾತುಗಳನ್ನು ಕನ್ನಡವೆಂದು ಓದಲು ಹುಲ್ಟ್ಷ್ ಪಂಡಿತರೂ, ಬಳಿಕ ಶಾಮಶಾಸ್ತ್ರಿಗಳೂ, ಗೋವಿಂದ ಪೈಗಳೂ ಯತ್ನಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ವಾದವನ್ನು ಒಪ್ಪಲಿ ಬಿಡಲಿ, ಅಲ್ಲಿ ಧ್ವನಿಗೆ ಸಂದರ್ಭದ ಬೆಂಬಲವಿದೆ: ಕಥೆ ನಡೆಯುವುದು ಭಾರತದ ಕಡಲತೀರದಲ್ಲಿ, ಮಾತನಾಡುವವರು ಅಲ್ಲಿಯವರು. ಬ್ಯಾಂಬೂಜಲ್ ಪದಕ್ಕೆ ಅಂತಹ ಬೆಂಬಲವು ಎಳ್ಳಷ್ಟೂ ಇಲ್ಲ. ಪರದೇಶದ ನಿಘಂಟುಗಳಲ್ಲಿ ಕನ್ನಡಕ್ಕೆ ನ್ಯಾಯವಾಗಿ ಸಲ್ಲತಕ್ಕ ಪದಗಳಿರುವಾಗ, ಸಲ್ಲದ ಪದವನ್ನೂ ಕೇಳಹೊರಟರೆ ಸಲ್ಲುವುದನ್ನೂ ಕೊಡಲು ಹಿಂಜರಿಯುವರು.

ಹಾಗಾದರೆ ನಿಜವಾದ ಮೂಲ ಯಾವುದು? ಸ್ಕಾಟ್ಲೆಂಡಿನ ನುಡಿಯಲ್ಲಿ ‘ಬಂಬೇಜ್’ ಎಂಬ ಕ್ರಿಯಾಪದವುಂಟು; ದಿಗ್ಭ್ರಮೆಗೊಳಿಸು ಎಂದರ್ಥ. ಇದುವರೆಗೆ ಹೇಳಿದ ಊಹೆಗಳಲ್ಲಿ ರೂಪವೂ ಅರ್ಥವೂ ಒಟ್ಟಿಗೆ ಹೊಂದುವುದು ಇದೊಂದೇ. ಇಂಗ್ಲಿಷಿನಲ್ಲಿ ಒಂದು ಕ್ರಿಯೆಯ ಪೌನಃಪುನ್ಯವನ್ನು ತೋರಿಸಲು ಕೊನೆಯಲ್ಲಿ ‘ಲ್’ ಸೇರಿಸುವ ಹಳೆಯ ಪದ್ಧತಿಯಿದೆ: ‘ಡೇಜ್’ ಎಂಬುದರಿಂದ ‘ಡ್ಯಾಜಲ್’ ಆದದ್ದು ಹಾಗೆ. ‘ಬಂಬೇಜ್’ ಇಂತಹ ಅಚ್ಚಿನಲ್ಲಿ ಬಿದ್ದು ‘ಬ್ಯಾಂಬೂಜಲ್’ ಆಗಿರುವುದು ಸಂಭವ. ಸಂಭವವೆಂಬುದಕ್ಕಿಂತ ಹೆಚ್ಚಾಗಿ ಹೇಳಲು ನಡುವಣ ರೂಪಗಳು ದೊರೆಯಬೇಕು. ‘ಬ್ಯಾಮ್’ ಎಂಬ ಕುಳ್ಳರೂಪವೂ ಹದಿನೆಂಟನೆಯ ಶತಮಾನದಲ್ಲಿ ಬಳಕೆಯಲ್ಲಿತ್ತು. ಸ್ವಿಫ್ಟನೇ 1738ರ ತನ್ನ ‘ಪೊಲೈಟ್ ಕಾನ್ವರ್ಸೇಷನ್’ ಎಂಬ ವಿಡಂಬನೆಯಲ್ಲಿ ಷೋಕಿಮಾತಿಗೆ ಮಾದರಿಯಾಗಿ ಅದನ್ನು ತಂದಿದ್ದಾನೆ. ಉದ್ದನೆಯದನ್ನು ಕತ್ತರಿಸಿ ಕುಳ್ಳಾಯಿತೋ, ಕುಳ್ಳನ್ನು ಎಳೆದು ಉದ್ದವಾಯಿತೋ ಎಂಬಲ್ಲಿಯೂ ಪಂಡಿತರಲ್ಲಿ ಏಕಮತ್ಯವಿಲ್ಲ.

ನನ್ನ ಅಭಿಪ್ರಾಯದಲ್ಲಿ, ಇಂತಹ ಪದಗಳ ಮೈಯಲ್ಲಿ ಧ್ವನಿಯೇ ಅರ್ಧ ಅರ್ಥವಾಗಿರುತ್ತದೆ. ನಮ್ಮ ತಬ್ಬಿಬ್ಬು, ಗಲಿಬಿಲಿ, ಕಕ್ಕಾಬಿಕ್ಕಿ ಎಂಬ ಪದಗಳನ್ನು ಬಾಯಿಬಿಟ್ಟು ಉಚ್ಚರಿಸಿದರೆ ನಾಲಿಗೆಯೇ ಎಡವುವಂತೆ ತೋರುವುದು. ಬ್ಯಾಂಬೂಜಲ್ ಎಂಬಲ್ಲಿಯೂ ತುಟಿ ಎರಡು ಬಾರಿ ಮುಚ್ಚಿ, ‘ಊ’ ಎಂದು ಮುಂದಕ್ಕೆ ಚಾಚಿ, ಕೊನೆಗೆ ಝೇಂಕಾರದಲ್ಲಿ ಕರಗುತ್ತದೆ. ಯಾವ ಧಾತುವಿನಿಂದ ಹೊರಟಿದ್ದರೂ, ಬಳಸುವವರ ಕಿವಿಗೆ ಈ ಆಕಾರವು ಹಿತವಾದುದರಿಂದಲೇ ಅದು ನಿಂತಿರಬೇಕು.

ಜಾನ್ಸನ್ನನ ಎಚ್ಚರಿಕೆಯೂ ಕಾಲಕ್ರಮದಲ್ಲಿ ಸಡಿಲವಾಯಿತು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ನರು 1995ರ ‘ದಿ ಡೀಮನ್-ಹಾಂಟೆಡ್ ವರ್ಲ್ಡ್’ ಗ್ರಂಥದಲ್ಲಿ, ಬಹುಕಾಲ ಮೋಸಹೋದವರು ಮೋಸದ ಸಾಕ್ಷ್ಯವನ್ನೇ ತಳ್ಳಿಹಾಕುವರೆಂಬ ಅತ್ಯಂತ ಗಂಭೀರವಾದ ವಿಚಾರಕ್ಕೆ ಇದೇ ಪದವನ್ನು ಆರಿಸಿಕೊಂಡರು. ಅಮೆರಿಕದ ಕರಿಯ ಜನರನ್ನು ದೃಶ್ಯಮಾಧ್ಯಮಗಳು ಚಿತ್ರಿಸಿದ ಬಗೆಯನ್ನು ಕುರಿತ ಸ್ಪೈಕ್ ಲೀಯವರ 2000ದ ಚಲನಚಿತ್ರಕ್ಕೆ ಇದರ ಭೂತರೂಪವೇ ಹೆಸರಾಯಿತು.

ನಮ್ಮಲ್ಲಿ ಇದಕ್ಕೆ ಸಮೀಪದ ‘ಯಾಮಾರಿಸು’ ಎಂಬುದನ್ನು ನೋಡಿದರೆ, ಪೇಟೆಯ ಮಾತೆಂದು ಬರಹಗಾರರು ಅದನ್ನು ದೂರವಿಡುವುದುಂಟು. ಆದರೆ ಎಚ್ಚರತಪ್ಪು, ಮೈಮರೆ ಎಂಬರ್ಥದ ಹಳಗನ್ನಡದ ‘ಏಮಱು’ವಿನ ವಂಶದ್ದು ಅದು, ತಮಿಳಿನಲ್ಲಿಯೂ ಅದರ ಸೋದರಪದವಿದೆ. ಕಿಟ್ಟೆಲರು 1894ರ ನಿಘಂಟಿನಲ್ಲಿ ಗ್ರಂಥಸ್ಥ ಪದಗಳ ಜೊತೆಗೆ ಆಡುಮಾತನ್ನೂ ಗಾದೆಗಳನ್ನೂ ಕೂಡಿಸಿದುದರ ಪ್ರಯೋಜನವು ಇಂತಹ ಕಡೆ ತಿಳಿಯುತ್ತದೆ. ಭಾಷಾಂತರಕಾರನು ಸಿಬ್ಬರನ ಹುಸಿ ಆಧಾರಗಳ ಪ್ರಸಂಗಕ್ಕೆ ‘ಮಂಕುಬೂದಿ ಎರಚು’ ಎಂದೂ, ಸ್ವಿಫ್ಟನ ಕಾಗದದ ಫ್ರೆಂಚ್ ದೊರೆಗೆ ‘ಯಾಮಾರಿಸು’ ಎಂದೂ ಹಾಕಬಹುದು. ನಿಕ್ ಫ್ರಾಗನ ಲೆಕ್ಕದ ಪುಸ್ತಕದ ಮುಂದೆ ಕುಳಿತ ಜಾನ್ ಬುಲ್ಲನಿಗಾದರೆ, ಹಣವೂ ಹೋಗುವುದರಲ್ಲಿದ್ದುದರಿಂದ, ‘ತಬ್ಬಿಬ್ಬುಮಾಡಿ ಟೋಪಿ ಹಾಕು’ ಎಂದು ಎರಡನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ.